ಗೋಡೆ ಬುಡದಿಂದ ತೇವ ಏರುತ್ತಿದೆ, ಬಣ್ಣ ನಿಲ್ಲುತ್ತಿಲ್ಲ. ಏನು ಮಾಡಬಹುದು?

ಹಳೇಮನೆ_ತುಮಕೂರು:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಹಳೇ ಪೇಟೆ ಕಡೆ ನಮ್ಮ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಕಲ್ಲಿನ ಪಾಯ, ಅದರ ಮೇಲೆ ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಆಮೇಲೆ ಯಾವಾಗಲೋ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾರೆ. ಈಗ ಹಜಾರದ ಗೋಡೆಯಲ್ಲಿ ನೆಲದಿಂದ ಸೊಂಟದ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದು ಉದುರುತ್ತಿದೆ. ಕೈ ಇಟ್ಟರೆ ಥಂಡಿ. ಗುಡಿಸಿದಷ್ಟೂ ಬಿಳಿ ಪುಡಿ. ಹೊರಗೋಡೆ ಅಷ್ಟೇ ಅಲ್ಲ, ಹಜಾರಕ್ಕೂ ದೇವರ ಮನೆಗೂ ನಡುವಿನ ಗೋಡೆಯಲ್ಲೂ ಇದೆ. ಅದಕ್ಕೆ ಮಳೆ ತಾಗುವ ಮಾತೇ ಇಲ್ಲ.

ಪೇಂಟಿಂಗ್ ಕಂಟ್ರಾಕ್ಟರ್ ಒಬ್ಬರು ಕೆರೆದು, ವಾಟರ್‌ಪ್ರೂಫ್ ಕೋಟಿಂಗ್ ಹೊಡೆದು, ಪುಟ್ಟಿ ಹಾಕಿ ಬಣ್ಣ ಬಳಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೋಟಿಂಗ್ ಮುಗಿದ ಜಾಗದಿಂದ ಮೇಲೆ ಹೊಸದಾಗಿ ತೇವ ಕಾಣಿಸಿಕೊಂಡಿದೆ. ಈಗ ಒಬ್ಬರು ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬಿಸಿ ಎನ್ನುತ್ತಾರೆ. ಇನ್ನೊಬ್ಬರು 4 ಅಡಿಗೆ ಟೈಲ್ಸ್ ಅಂಟಿಸಿಬಿಡಿ ಎನ್ನುತ್ತಾರೆ. ಅತ್ತೆಗೆ ಉಬ್ಬಸ ಇದೆ, ಅವರ ಮಂಚ ಆ ಗೋಡೆಗೇ ತಾಗಿಕೊಂಡಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಗೌರಿಬಿದನೂರು_ಅಕ್ಕ:
ಟೈಲ್ಸ್ ಮಾತ್ರ ಬೇಡಮ್ಮ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹಾಗೇ ಅಂಟಿಸಿದರು. ಟೈಲ್ಸ್ ಚೆನ್ನಾಗೇ ಇದೆ, ಅದರ ಮೇಲಿನ ಗೋಡೆ ಉದುರುತ್ತಿದೆ. ಮೊದಲು ಅತ್ತೆಯವರ ಮಂಚ ಬೇರೆ ರೂಮಿಗೆ ಹಾಕಿ. ಮಿಕ್ಕಿದ್ದು ಆಮೇಲೆ.

ಕೋಲಾರ_ಸಿವಿಲ್:
ಮೇಡಂ, ನಾನು ಸಿವಿಲ್ ಇಂಜಿನಿಯರ್, ಹಳೇ ಮನೆಗಳ ರಿಪೇರಿಯೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಸಂಕಟವಾಗುತ್ತದೆ.

ಇಟ್ಟಿಗೆ, ಗಾರೆ, ಮಣ್ಣು ಇವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅವು ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತವೆ. ಹೀಗೆ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಏರುವುದೂ ಆರುವುದೂ ಸಮವಾದ ಎತ್ತರದಲ್ಲಿ ತೇವ ನಿಲ್ಲುತ್ತದೆ. ಸಾಮಾನ್ಯವಾಗಿ ಅದು 1 ಮೀಟರ್ ಒಳಗೆ, ಅಂದರೆ 3 ಅಡಿ ಆಸುಪಾಸು. ನೀರು ಆರಿದರೂ ಅದು ಹೊತ್ತು ತಂದ ಉಪ್ಪು ಗೋಡೆಯಲ್ಲೇ ಉಳಿಯುತ್ತದೆ. ಅದು ಹರಳುಗಟ್ಟುವಾಗ ಪ್ಲಾಸ್ಟರನ್ನೂ ಬಣ್ಣವನ್ನೂ ಒಳಗಿನಿಂದ ತಳ್ಳುತ್ತದೆ. ನೀವು ಗುಡಿಸುತ್ತಿರುವ ಬಿಳಿ ಪುಡಿ ಅದೇ.

ಈಗ ಕೋಟಿಂಗ್ ಹೊಡೆದರೆ ಏನಾಗುತ್ತದೆ? ನೀರು ಏರುವುದು ನಿಲ್ಲುವುದಿಲ್ಲ, ಆರುವ ದಾರಿ ಮಾತ್ರ ಮುಚ್ಚುತ್ತದೆ. ಹಾಗಾಗಿ ಅದು ಇನ್ನಷ್ಟು ಮೇಲೆ ಹೋಗುತ್ತದೆ. ಸಿಮೆಂಟ್ ಪ್ಲಾಸ್ಟರ್, ಆಯಿಲ್ ಪೇಂಟ್, ಟೈಲ್ಸ್ ಎಲ್ಲದರ ಕಥೆಯೂ ಇದೇ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ಮೇಲೆ ಗೋಡೆಗೆ ತೇವ ಬಂತು ಎನ್ನುವವರೂ ಇದ್ದಾರೆ. ಅಲ್ಲೂ ಅಷ್ಟೇ. ನೆಲದಲ್ಲಿ ಆರುತ್ತಿದ್ದ ತೇವಕ್ಕೆ ಈಗ ಗೋಡೆ ಬುಡವೇ ದಾರಿ.

ಆದರೆ ಗೋಡೆ ಬುಡದ ತೇವವೆಲ್ಲ ನೆಲದಿಂದ ಏರಿದ್ದಲ್ಲ. ಇದನ್ನು ದಯವಿಟ್ಟು ಗಮನಿಸಿ. ನೆಲದಿಂದ ಏರಿದ್ದಾದರೆ ಗೋಡೆಯುದ್ದಕ್ಕೂ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ಇರುತ್ತದೆ. ಅಂಚಿನಲ್ಲಿ ಅಲೆಅಲೆಯಾಗಿ ಹಳದಿ ಅಥವಾ ಕಂದು ಗೆರೆ ಕಾಣುತ್ತದೆ. ಬುಡದಲ್ಲಿ ಜಾಸ್ತಿ ಒದ್ದೆ, ಮೇಲೆ ಹೋದಂತೆ ಕಡಿಮೆ. ಒಂದೇ ಕಡೆ ದುಂಡಗೆ ಹರಡಿದ್ದರೆ, ದಿನೇ ದಿನೇ ದೊಡ್ಡದಾಗುತ್ತಿದ್ದರೆ, ಬಚ್ಚಲು ಮನೆಯ ಗೋಡೆಯ ಹಿಂದೆಯೇ ಇದ್ದರೆ ಪೈಪನ್ನು ಅನುಮಾನಿಸಿ. ಮಳೆ ಬಂದ ಮಾರನೇ ದಿನ ಕಾಣಿಸಿಕೊಂಡು ಬಿಸಿಲಿಗೆ ಹೋಗುತ್ತಿದ್ದರೆ ಹೊರಗೋಡೆಯ ಬಿರುಕು, ಸಜ್ಜಾ, ಮಳೆನೀರಿನ ಪೈಪ್ ನೋಡಿ.

ನಿಮ್ಮ ನಡುಗೋಡೆಯಲ್ಲೂ ಇದೆ ಎಂದಿದ್ದೀರಿ. ಅದು ನೆಲದ ಕಡೆಗೇ ಬೊಟ್ಟು ಮಾಡುತ್ತದೆ. ಆದರೂ ಕೆಲವು ವಿಷಯ ತಿಳಿಯಬೇಕು. ಸಂಪು ಎಲ್ಲಿದೆ? ಹೊರಗಿನ ರಸ್ತೆ ಒಳಗಿನ ನೆಲಕ್ಕಿಂತ ಎಷ್ಟು ಕೆಳಗಿದೆ? ಗೋಡೆ ಪಕ್ಕ ಗಿಡ, ಚರಂಡಿ ಏನಾದರೂ ಇದೆಯಾ?

ಶಿರಾ_ಮೇಷ್ಟ್ರು:
ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಬೀರು ಹಿಂದಿನ ಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ. ಬಿಳಿ ಪುಡಿ ಇಲ್ಲ. ಇದೂ ಅದೇನಾ?

ಕೋಲಾರ_ಸಿವಿಲ್:
ಮೇಷ್ಟ್ರೇ, ಅದು ಬಹುಶಃ ಬೇರೆ. ನೆಲದಿಂದ ಬರುವ ತೇವದಲ್ಲಿ ಉಪ್ಪು ಇರುವುದರಿಂದ ಅಲ್ಲಿ ಕಪ್ಪು ಬೂಷ್ಟು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಗಾಳಿಯಾಡದ ತಣ್ಣನೆಯ ಗೋಡೆಗೆ ಅಡುಗೆಯ, ಸ್ನಾನದ ಹಬೆ ತಾಗಿ ನೀರಾದಾಗ ಬೂಷ್ಟು ಬರುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಅನ್ನು ಒಂದು ಅಡಿ ಅಗಲಕ್ಕೆ ಕತ್ತರಿಸಿ. ಗೋಡೆಯ ಮೇಲ್ಮೈ ಒರೆಸಿ, ಒಣಗಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಾಕಿ. ಒಂದೆರಡು ದಿನ ಬಿಟ್ಟು ನೋಡಿ. ರೂಮಿನ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ಅದು ಗಾಳಿಯ ತೇವ. ಗೋಡೆ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ನಿಮ್ಮದು ಮೊದಲನೆಯದಾದರೆ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ತನ್ನಿ, ಕಿಟಕಿ ತೆಗೆದಿಡಿ.

ಹಳೇಮನೆ_ತುಮಕೂರು:
ಸರ್, ನೀವು ಕೇಳಿದ್ದಕ್ಕೆ ಉತ್ತರ. ಸಂಪು ಮುಂದಿನ ಜಗಲಿ ಕೆಳಗೆ, ಹಜಾರದ ಗೋಡೆಗೆ ಅಂಟಿಕೊಂಡೇ ಇದೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ, ಕೊನೆಗೆ ಕಾಂಕ್ರೀಟ್ ಹಾಕಿದರು. ಮೊದಲು ಮೂರು ಮೆಟ್ಟಿಲು ಹತ್ತಿ ಒಳಗೆ ಬರುತ್ತಿದ್ದೆವು ಅಂತ ಅತ್ತೆ ಹೇಳುತ್ತಾರೆ. ಈಗ ಒಂದೇ ಮೆಟ್ಟಿಲು. ಪಕ್ಕದ ಓಣಿಯಲ್ಲಿ ಗೋಡೆಗೆ ತಾಗಿ ಮಣ್ಣು ತುಂಬಿ ಹೂವಿನ ಗಿಡ ಹಾಕಿದ್ದೇವೆ. ದಿನಾ ನೀರು ಹಾಕುತ್ತೇವೆ.

ಕೋಲಾರ_ಸಿವಿಲ್:
ಹಾಗಿದ್ದರೆ ಕೆಮಿಕಲ್ ಮಾತು ಸದ್ಯಕ್ಕೆ ಬದಿಗಿಡಿ. ಇವತ್ತೇ ಸಂಪು ಪರೀಕ್ಷೆ ಮಾಡಿ. ಸಂಜೆ ಸಂಪು ತುಂಬಿಸಿ, ಒಳಗೆ ನೀರು ಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕಬೇಡಿ. ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ನೋಡಿ. ಇಳಿದಿದ್ದರೆ ಆ ನೀರೆಲ್ಲ ನಿಮ್ಮ ಪಾಯಕ್ಕೇ ಹೋಗುತ್ತಿದೆ. ನೀರಿನ ಮೀಟರ್ ಇದ್ದರೆ ಎಲ್ಲ ನಲ್ಲಿ ಮುಚ್ಚಿ ಮುಳ್ಳು ತಿರುಗುತ್ತದಾ ನೋಡಿ.

ಓಣಿಯ ಮಣ್ಣನ್ನು ತೆಗೆಸಿ. ಹೊಸ ಮನೆಗಳಲ್ಲಿ ಪಾಯದ ಮೇಲೆ, ಗೋಡೆ ಶುರುವಾಗುವ ಮೊದಲು, ತೇವ ತಡೆಯುವ ಪದರ ಹಾಕುತ್ತಾರೆ. ಡಿಪಿಸಿ ಎನ್ನುವುದು ಅದನ್ನೇ. ಹೊರಗಿನ ಮಣ್ಣು ಆ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್, ಅಂದರೆ ಅರ್ಧ ಅಡಿ ಕೆಳಗಿರಬೇಕು. ಮಣ್ಣು ಅದನ್ನು ಮೀರಿ ಮೇಲೆ ಬಂದರೆ ಪದರ ಇದ್ದೂ ಇಲ್ಲದಂತೆ. ನಿಮ್ಮಂಥ ಹಳೇ ಮನೆಯಲ್ಲಿ ಡಿಪಿಸಿ ಇರುವುದೇ ಅಪರೂಪ. ಕಲ್ಲಿನ ಪಾಯವೇ ಆ ಕೆಲಸ ಮಾಡುತ್ತಿತ್ತು. ನಮ್ಮ ಕಡೆಯ ಗ್ರಾನೈಟ್ ಹೆಚ್ಚು ನೀರು ಎಳೆಯುವುದಿಲ್ಲ, ಕಲ್ಲುಗಳ ಸಂದಿನ ಗಾರೆ ಮಾತ್ರ ಎಳೆಯುತ್ತದೆ. ಪಾಯ ಮೂರು ಮೆಟ್ಟಿಲು ಎತ್ತರ ಇದ್ದಾಗ ಆ ತೇವ ಕಲ್ಲಿನ ಮಟ್ಟದಲ್ಲೇ ಆರಿ ಹೋಗುತ್ತಿತ್ತು. ಈಗ ರಸ್ತೆ ಎದ್ದು ಪಾಯ ಹೂತುಹೋಗಿದೆ, ಇಟ್ಟಿಗೆ ನೇರ ನೆಲಕ್ಕೆ ಸಿಕ್ಕಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಕಡೆಯ ಹಳೇ ಪೇಟೆಗಳಲ್ಲಿ ನಾನು ಇದನ್ನು ನೋಡುತ್ತಲೇ ಇದ್ದೇನೆ. ಹಳೇದನ್ನು ಕೆರೆದು ತೆಗೆಯದೆ ಅದರ ಮೇಲೇ ರಸ್ತೆ ಹಾಕಿದರೆ ಎರಡೂ ಬದಿಯ ಮನೆಗಳು ಮುಳುಗುತ್ತವೆ. ನಿಮ್ಮ ಬೀದಿಗೆ ಮತ್ತೆ ರಸ್ತೆ ಬಂದರೆ ಬೀದಿಯವರೆಲ್ಲ ಸೇರಿ ಇದನ್ನು ಕೇಳಿ.

ಕೆರೆಕೋಡಿ_ಕೋಲಾರ:
ಸರ್, ನಮ್ಮ ಊರಲ್ಲಿ ಎಲ್ಲರೂ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆಯೇ ಗೋಡೆಗಳು ಹೀಗಾಗಿದ್ದು ಅಂತಾರೆ. ನಿಜವಾ?

ಕೋಲಾರ_ಸಿವಿಲ್:
ಎಲ್ಲರಿಗೂ ಒಂದೇ ಉತ್ತರ ಹೇಳಲಾಗುವುದಿಲ್ಲ. ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ತುಂಬಿಸುವ ಯೋಜನೆ. ಆ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿರುವುದು ನಿಜ. ಆದರೆ ನೂರಾರು ಅಡಿ ಆಳದಲ್ಲಿದ್ದ ನೀರು ಸ್ವಲ್ಪ ಮೇಲೆ ಬಂದರೆ ನಿಮ್ಮ ಗೋಡೆಗೆ ಅದು ತಲುಪುವುದಿಲ್ಲ. ಗೋಡೆ ಎಳೆದುಕೊಳ್ಳುವುದು ಪಾಯದ ಸುತ್ತಲಿನ ಕೆಲವು ಅಡಿ ಮಣ್ಣಿನ ತೇವವನ್ನು. ನಿಮ್ಮ ಮನೆ ಕೆರೆ ಏರಿಯ ಹಿಂದೆ ತಗ್ಗಿನಲ್ಲಿದ್ದು, ಹತ್ತಿರದ ತೆರೆದ ಬಾವಿಯಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿದ್ದರೆ ಆಗ ಕೆರೆಯ ಪಾತ್ರ ಇರಬಹುದು. ಬಾವಿ ನೋಡಿ ಹೇಳಿ.

ಕೆರೆಕೋಡಿ_ಕೋಲಾರ:
ಬಾವಿ ಬತ್ತಿಯೇ ಇದೆ ಸರ್. ಮನೆ ಮುಂದೆ ಚರಂಡಿಗೆ ತಳವೇ ಇಲ್ಲ, ಬರೀ ಮಣ್ಣು. ಅದನ್ನು ನೋಡುತ್ತೇನೆ.

ಮಾಲೂರು_ಇಟ್ಟಿಗೆ:
ಇಟ್ಟಿಗೆ ವಿಷಯ ನಾನು ಹೇಳುತ್ತೇನೆ, ನಮ್ಮದು ಗೂಡಿನ ಕೆಲಸ. ಸರಿಯಾಗಿ ಬೇಯದ ಇಟ್ಟಿಗೆ ನೀರು ಜಾಸ್ತಿ ಕುಡಿಯುತ್ತದೆ. ಒಣ ಇಟ್ಟಿಗೆ ತೂಕ ಹಾಕಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಕ ಹಾಕಿ. ಮನೆ ಕಟ್ಟುವ ಸಾಮಾನ್ಯ ಇಟ್ಟಿಗೆ ತನ್ನ ತೂಕದ 20 ಶೇಕಡಾಕ್ಕಿಂತ ಹೆಚ್ಚು ನೀರು ಹೀರಬಾರದು. ಒಂದಕ್ಕೊಂದು ತಟ್ಟಿದರೆ ಗಣಗಣ ಅನ್ನಬೇಕು.

ಎರಡನೇದು ಮರಳು. ನಮ್ಮ ಕಡೆ ಕೆರೆ ಮಣ್ಣು, ಹೊಲದ ಮಣ್ಣು ತೊಳೆದು ಫಿಲ್ಟರ್ ಮರಳು ಅಂತ ಮಾರಿದ ಕಾಲ ಇತ್ತು. ಅದರಲ್ಲಿ ಜೇಡಿ, ಚೌಳು ಎಲ್ಲ ಉಳಿದಿರುತ್ತಿತ್ತು. ಆಗ ಕಟ್ಟಿದ ಮನೆಯಲ್ಲಿ ಬಿಳಿ ಪುಡಿ ಕಂಡರೆ ನೆಲದ ತೇವ ಒಂದನ್ನೇ ದೂರಬೇಡಿ. ಉಪ್ಪು ಗೋಡೆ ಕಟ್ಟಿದಾಗಲೇ ಒಳಗೆ ಸೇರಿರಬಹುದು.

ಕೋಲಾರ_ಸಿವಿಲ್:
ಒಳ್ಳೆಯ ಮಾತು. ಕೊಳವೆಬಾವಿಯ ಗಡಸು ನೀರಿನಲ್ಲಿ ಕಲಸಿ ಕ್ಯೂರಿಂಗ್ ಮಾಡಿದರೂ ಉಪ್ಪು ಸೇರುತ್ತದೆ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಹೊಸ ಮನೆ ಕಟ್ಟುವವರು ಕೊಳವೆಬಾವಿ ನೀರನ್ನು ಒಮ್ಮೆ ಲ್ಯಾಬ್‌ಗೆ ಕೊಟ್ಟು ನೋಡಿ.

ಉಪ್ಪಿನ ಇನ್ನೊಂದು ಗುಣ ಗೊತ್ತಿರಲಿ. ಕ್ಲೋರೈಡ್, ನೈಟ್ರೇಟ್ ಉಪ್ಪುಗಳು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಹಾಗಾಗಿ ನೆಲದ ನೀರು ನಿಂತ ಮೇಲೂ ಮೋಡ ಕವಿದ ದಿನ ಗೋಡೆ ಒದ್ದೆಯಾಗಿ ಕಾಣಬಹುದು. ತೇವ ಅಳೆಯುವ ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿ "ನೋಡಿ, 100 ತೋರಿಸುತ್ತಿದೆ" ಎಂದು ಹೆದರಿಸುವವರನ್ನು ಅದಕ್ಕೇ ಪೂರ್ತಿ ನಂಬಬೇಡಿ. ಆ ಮೀಟರ್ ಮರಕ್ಕಾಗಿ ಮಾಡಿದ್ದು. ಉಪ್ಪು ಇದ್ದರೆ ಒಣಗೋಡೆಯಲ್ಲೂ ಹೆಚ್ಚು ತೋರಿಸುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಬೇರೆ ಬೇರೆ ಎತ್ತರದಲ್ಲಿ ಡ್ರಿಲ್ ಹಾಕಿ ಪುಡಿ ತೆಗೆದು, ತೂಗಿ, ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಬೇಕು. ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬ್‌ನಲ್ಲಿ ಆಗುವ ಕೆಲಸ.

ಹಳೇಮನೆ_ತುಮಕೂರು:
ಸಂಪು ಪರೀಕ್ಷೆ ಮಾಡಿದೆವು. ಬೆಳಿಗ್ಗೆ ನೋಡಿದರೆ ಗುರುತಿಗಿಂತ ಒಂದು ಗೇಣು ಕೆಳಗೆ ಇಳಿದಿದೆ! ಮನೆಯವರು ಇನ್ನೊಂದು ರಾತ್ರಿ ಮಾಡಿ ನೋಡಿದರು, ಅಷ್ಟೇ. ಒಳಗೆ ಮೂಲೆಯಲ್ಲಿ ಬಿರುಕು ಕಾಣುತ್ತಿದೆ. ಮಣ್ಣು ಮತ್ತು ಗಿಡ ತೆಗೆಸಿದ್ದೇವೆ, ಹೂವಿನ ಗಿಡಗಳನ್ನು ಕುಂಡಕ್ಕೆ ಹಾಕಿದೆ. ಇನ್ನು ಗೋಡೆಗೆ ಏನು ಮಾಡಲಿ?

ಗಾರೆಮೇಸ್ತ್ರಿ_ಚಿಂತಾಮಣಿ:
ಅಕ್ಕ, ಸಂಪು ರಿಪೇರಿ ಆದ ಮೇಲೆ ನನ್ನ ಕೆಲಸ ಶುರು. ಮೊದಲು ಸಿಮೆಂಟ್ ಪ್ಲಾಸ್ಟರ್ ಕಿತ್ತುಹಾಕಿಸಿ. ತೇವದ ಗೆರೆ ಎಲ್ಲಿದೆಯೋ ಅಲ್ಲಿಂದ ಒಂದು ಅಡಿ ಮೇಲಿನವರೆಗೂ ಕೀಳಬೇಕು. ಉಳಿ ನಿಧಾನಕ್ಕೆ ಹೊಡೆಸಿ, ಹಳೇ ಇಟ್ಟಿಗೆ ಒಡೆಯಬಾರದು. ಸಂದಿಯಲ್ಲಿ ಪುಡಿಯಾದ ಗಾರೆ ಕೆದಕಿ ತೆಗೆಯಬೇಕು. ಕಿತ್ತ ಪುಡಿಯನ್ನು ಮನೆ ಪಕ್ಕ ಸುರಿಯಬೇಡಿ, ಅದರ ತುಂಬಾ ಉಪ್ಪು. ಗೋಡೆಯ ಮೇಲಿನ ಬಿಳಿ ಪುಡಿಯನ್ನು ಒಣ ಬ್ರಶ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆಯಬಾರದು, ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತದೆ. ಒಣಗುತ್ತಾ ಮತ್ತೆ ಪುಡಿ ಬರುತ್ತದೆ, ಮತ್ತೆ ಉಜ್ಜಿ. ಬರುವಷ್ಟು ಬರಲಿ ಬಿಡಿ.

ಆಮೇಲೆ ಕಾಯಬೇಕು. ಜನರಿಗೆ ಇದೇ ಕಷ್ಟ. ಹಬ್ಬ ಬಂತು, ಮದುವೆ ಬಂತು ಅಂತ ಹಸಿ ಗೋಡೆಗೇ ಗಾರೆ ಹಾಕಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಕೋಲಾರ_ಸಿವಿಲ್:
ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ. ಗೋಡೆಯ ದಪ್ಪದ ಒಂದೊಂದು ಇಂಚಿಗೂ ಒಂದೊಂದು ತಿಂಗಳು ಎನ್ನುವುದು ಒಣಗುವ ಅಂದಾಜು ಲೆಕ್ಕ. 9 ಇಂಚಿನ ಗೋಡೆಗೆ ಸುಮಾರು 9 ತಿಂಗಳು. ನಮ್ಮ ಬಯಲುಸೀಮೆಯ ಬೇಸಿಗೆ ಇದಕ್ಕೆ ದೊಡ್ಡ ಸಹಾಯ. ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು. ಅದು ಕಳೆದ ಮೇಲೆ ಪ್ಲಾಸ್ಟರ್ ಕಿತ್ತರೆ ಚಳಿಗಾಲ, ಬೇಸಿಗೆ ಎರಡೂ ಸಿಗುತ್ತವೆ.

ಬುಡದಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೇಲಕ್ಕೆ ಹಾಕಿಸಿ. ಹಸಿ ಗೋಡೆಯಲ್ಲಿ ಶಾಕ್ ಹೊಡೆಯುವ ಅಪಾಯ ನಿಜವಾದದ್ದು.

ಬಾಗೇಪಲ್ಲಿ_ರೈತ:
ನಮ್ಮದು ಮಣ್ಣಿನ ಗೋಡೆ ಸರ್. ಕೆಮಿಕಲ್ ಇಂಜೆಕ್ಷನ್ ಆಗುತ್ತದಾ?

ಕೋಲಾರ_ಸಿವಿಲ್:
ಬೇಡ. ಆ ಪದ್ಧತಿ ಹೇಗೆ ಅಂದರೆ, ಹೊರಗಿನ ನೆಲದಿಂದ ಅರ್ಧ ಅಡಿ ಮೇಲೆ, ಇಟ್ಟಿಗೆ ವರಸೆಗಳ ನಡುವಿನ ಗಾರೆಯಲ್ಲಿ 12 ಮಿಲಿಮೀಟರ್ ದಪ್ಪದ ತೂತುಗಳನ್ನು ಸುಮಾರು 4 ರಿಂದ 5 ಇಂಚಿಗೆ ಒಂದರಂತೆ ಸಾಲಾಗಿ ಕೊರೆಯುತ್ತಾರೆ. ಸಿಲೇನ್ ಅಥವಾ ಸಿಲಾಕ್ಸೇನ್ ಇರುವ ಕ್ರೀಮ್ ತುಂಬಿಸುತ್ತಾರೆ. ಅದು ಹರಡಿ ಆ ಸಾಲಿನ ರಂಧ್ರಗಳು ನೀರು ಎಳೆಯದಂತೆ ಮಾಡುತ್ತದೆ. ವರಸೆ ನೇರವಾಗಿರುವ ಇಟ್ಟಿಗೆ ಗೋಡೆಯಲ್ಲಿ ಚೆನ್ನಾಗಿ ಮಾಡಿದರೆ ಕೆಲಸ ಕೊಡುತ್ತದೆ. ಮಣ್ಣಿನ ಗೋಡೆಯಲ್ಲಿ, ಒರಟು ಕಲ್ಲಿನ ಗೋಡೆಯಲ್ಲಿ ಸಾಲು ಒಂದಾಗಿ ಕೂಡುವುದೇ ಇಲ್ಲ.

ನಿಮ್ಮ ಗೋಡೆಗೆ ನೀರು ಬುಡಕ್ಕೆ ಬರದಂತೆ ಮಾಡುವುದೇ ಚಿಕಿತ್ಸೆ. ಸೂರಿನ ನೀರು ದೂರ ಬೀಳಲಿ. ಗೋಡೆಯಿಂದ ಹೊರಕ್ಕೆ ಇಳಿಜಾರು ಇರಲಿ. ಗೋಡೆ ಬುಡ ಸವೆದು ಒಳಕ್ಕೆ ಹೋಗಿದ್ದರೆ ಮಾತ್ರ ತಡ ಮಾಡಬೇಡಿ. 2021ರ ನವೆಂಬರ್ ಮಳೆಯಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಣ್ಣಿನ ಗೋಡೆಗಳು ಕುಸಿದವು ಅಂತ ನೀವೂ ನೋಡಿದ್ದೀರಿ. ಅಂಥ ಗೋಡೆ ಪಕ್ಕ ಯಾರೂ ಮಲಗಬೇಡಿ, ಮೊದಲು ಆಸರೆ ಕೊಡಿಸಿ.

ಗಾರೆಮೇಸ್ತ್ರಿ_ಚಿಂತಾಮಣಿ:
ಅಣ್ಣ, ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಹೊರಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮಣ್ಣು ಒದ್ದೆಯಾಗಿ ಕರಗುತ್ತಾ ಹೋಗುತ್ತದೆ.

ಹಳೇಮನೆ_ತುಮಕೂರು:
ಸಂಪಿನ ಬಿರುಕು ಮುಚ್ಚಿಸಿ, ಒಳಗೆಲ್ಲ ವಾಟರ್‌ಪ್ರೂಫ್ ಪ್ಲಾಸ್ಟರ್ ಮಾಡಿಸಿದ್ದಾಯಿತು. ಈಗ ನೀರು ಇಳಿಯುತ್ತಿಲ್ಲ. ಹಜಾರದ ಪ್ಲಾಸ್ಟರ್ ಕಿತ್ತಿದ್ದೇವೆ. ಓಣಿ ಕಡೆ ಗೋಡೆಯುದ್ದಕ್ಕೂ ಕಾಲುವೆ ತೋಡಿ ಜಲ್ಲಿ ತುಂಬಿಸಿ ಎಂದು ಒಬ್ಬರು ಹೇಳಿದರು. ಮಾಡಿಸಲಾ? ಮೇಸ್ತ್ರಿ ಅಣ್ಣ, ಒಣಗಿದ ಮೇಲೆ ಯಾವ ಗಾರೆ ಹಾಕಿಸಬೇಕು ಅಂತಲೂ ಹೇಳಿ.

ಕೋಲಾರ_ಸಿವಿಲ್:
ಮಳೆ ನೀರು ಓಣಿಯಲ್ಲಿ ನಿಲ್ಲುತ್ತದೆ ಅಂದರೆ ಮಾತ್ರ. ಮಾಡಿಸುವುದಾದರೆ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ತೂತು ಪೈಪ್ ಹಾಕಿ, ನೀರು ಹರಿದು ಹೋಗಲು ಒಂದು ಕಡೆ ತಗ್ಗು ಕೊಡಬೇಕು. ಪಾಯದ ತಳಕ್ಕಿಂತ ಆಳ ಹೋಗಲೇಬಾರದು. ಒಮ್ಮೆಲೇ ಪೂರ್ತಿ ಉದ್ದ ತೋಡಬೇಡಿ, ಸ್ವಲ್ಪ ಸ್ವಲ್ಪ ತೋಡಿ ಮುಚ್ಚುತ್ತಾ ಹೋಗಿ. ನೀರು ನಿಲ್ಲದಿದ್ದರೆ ಹೊರಕ್ಕೆ ಇಳಿಜಾರು ಇರುವಂತೆ ಕಲ್ಲು ಹಾಸಿದರೆ ಸಾಕು.

ಇಂಜೆಕ್ಷನ್ ನಿಮಗೆ ಬೇಕಾ ಅಂತ ಬರುವ ಮಳೆಗಾಲ ಕಳೆದ ಮೇಲೆ ನೋಡೋಣ. ಸಂಪಿನ ನೀರು ನಿಂತಿದೆ, ಮಣ್ಣು ಹೋಗಿದೆ. ಇಷ್ಟಕ್ಕೇ ತೇವ ಇಳಿದರೆ ಆ ಖರ್ಚು ಉಳಿಯಿತು.

ಗಾರೆಮೇಸ್ತ್ರಿ_ಚಿಂತಾಮಣಿ:
ಅಕ್ಕ, ಹಳೇ ಗೋಡೆಗೆ ಸುಣ್ಣದ ಗಾರೆಯೇ ಸರಿ. ಸುಟ್ಟ ಸುಣ್ಣದ ಕಲ್ಲು ತಂದು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಕನಿಷ್ಠ ಒಂದು ವಾರವಾದರೂ ನೀರಿನಡಿ ಬಿಡಬೇಕು. ಎಷ್ಟು ದಿನ ನೆನೆದರೆ ಅಷ್ಟು ಹದ. ಚೀಲದಲ್ಲಿ ಗಾಳಿಗೆ ಬಿದ್ದು ಹಳತಾದ ಸುಣ್ಣ ಬೇಡ, ಅದಕ್ಕೆ ಹಿಡಿತ ಇರುವುದಿಲ್ಲ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಬುಡದ ಕಡೆ ಮರಳಿನಲ್ಲಿ ಒಂದು ಪಾಲು ಬಿಟ್ಟು ಸುರ್ಕಿ ಹಾಕುತ್ತೇವೆ, ಅಂದರೆ ಇಟ್ಟಿಗೆ ಪುಡಿ. ಹದವಾಗಿ ಬೆಂದ ಇಟ್ಟಿಗೆಯದ್ದು ಇರಲಿ, ಕರಕಲು ಇಟ್ಟಿಗೆ ಬೇಡ. ಸುರ್ಕಿ ಸೇರಿದರೆ ತೇವದ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ.

ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬಳಿಯಬಾರದು. ಮೊದಲ ಪದರ ಬಿಗಿದ ಮೇಲೆ ಎರಡನೆಯದು. ಬಿಸಿಲು, ಗಾಳಿ ನೇರ ಹೊಡೆಯದಂತೆ ಗೋಣಿ ಕಟ್ಟಿ, ಒಂದು ವಾರ ಆಗಾಗ ನೀರು ಚಿಮುಕಿಸಿ. ಸಿಮೆಂಟಿನ ಹಾಗೆ ಬೇಗ ಆಗಲಿ ಅಂತ ಆತುರ ಮಾಡಿದರೆ ಬಿರಿಯುತ್ತದೆ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು.

ಇನ್ನೊಂದು ಮುಖ್ಯ. ಗಾರೆಯನ್ನು ನೆಲಕ್ಕೆ ತಾಗಿಸಬೇಡಿ. ಒಂದು ಇಂಚು ಬಿಟ್ಟು ನಿಲ್ಲಿಸಿ, ಮುಂದೆ ಸ್ಕರ್ಟಿಂಗ್ ಮರೆ ಮಾಡುತ್ತದೆ. ತಾಗಿಸಿದರೆ ಗಾರೆಯೇ ನೆಲದಿಂದ ನೀರು ಎಳೆಯುತ್ತದೆ.

ಹಳೇಮನೆ_ತುಮಕೂರು:
ಬಣ್ಣ ಅಣ್ಣ?

ಗಾರೆಮೇಸ್ತ್ರಿ_ಚಿಂತಾಮಣಿ:
ಮೊದಲ ವರ್ಷ ಬರೀ ಸುಣ್ಣ ಬಳಿಸಿ ಅಕ್ಕ. ಬಣ್ಣ ಬೇಕಿದ್ದರೆ ಸುಣ್ಣಕ್ಕೇ ಕಾವಿ ಅಥವಾ ನೀಲಿ ಸೇರಿಸಬಹುದು. ಪ್ಲಾಸ್ಟಿಕ್ ಪೇಂಟ್, ಪುಟ್ಟಿ ಆ ಗೋಡೆಯ ಬುಡಕ್ಕೆ ಬೇಡ. ಚಿಂತಾಮಣಿಯಿಂದ ತುಮಕೂರು ನನಗೆ ದೂರ. ನಿಮ್ಮ ಕಡೆ ಹಳೇ ದೇವಸ್ಥಾನದ ರಿಪೇರಿ ಮಾಡಿದ ಗಾರೆ ಕೆಲಸದವರನ್ನು ವಿಚಾರಿಸಿ, ಸುಣ್ಣದ ಕೈ ಪಳಗಿದವರು ಅವರಲ್ಲೇ ಸಿಗುತ್ತಾರೆ. ಸಿಕ್ಕಿದ ಮೇಲೆ ಮೊದಲು ಒಂದು ಮೊಳ ಜಾಗದಲ್ಲಿ ಬಳಿಸಿ, ಒಣಗಲು ಬಿಟ್ಟು, ಬಿರಿಯದಿದ್ದರೆ ಮುಂದುವರಿಸಲು ಹೇಳಿ.